ರೀಲ್ ನೋಡಿ ಬಂದವರ ಜೊತೆ ಬೆಟ್ಟ ಹತ್ತುವುದು

ಕಾಲೇಜು ಹುಡುಗ ಹುಡುಗಿಯರನ್ನು ಚಾರಣಕ್ಕೆ ಕರೆದುಕೊಂಡು ಹೋಗುವುದು ನನ್ನ ವಾರಾಂತ್ಯದ ಕೆಲಸ. ಬರುವವರಲ್ಲಿ ಹೆಚ್ಚಿನವರು ಇನ್‌ಸ್ಟಾಗ್ರಾಂನಲ್ಲಿ ರೀಲ್ ನೋಡಿಯೇ ಬರುತ್ತಾರೆ. ಅದಕ್ಕೆ ಅವರನ್ನು ಬೈಯುವವರು ತುಂಬಾ ಜನ. ನಾನು ಬೈಯುವುದಿಲ್ಲ. ಬೆಟ್ಟದ ಆಸೆ ಎಲ್ಲಿಂದ ಹುಟ್ಟಿದರೇನು, ಆಸೆ ಆಸೆಯೇ ಅಲ್ವಾ? ಆದರೆ ರೀಲಿನಲ್ಲಿ ಕಾಣದೇ ಹೋದದ್ದನ್ನು ಹೊರಡುವ ಮೊದಲೇ ತೋರಿಸುವುದು ನನ್ನ ಜವಾಬ್ದಾರಿ.

ಅದಕ್ಕೇ ತಿಂಗಳ ಮೊದಲೇ ಎಲ್ಲರೂ ಒಂದು ಕಡೆ ಸೇರುತ್ತೇವೆ. ಅವರಿಗೆ ಇಷ್ಟವಾದ ರೀಲನ್ನೇ ಹಾಕಿಸುತ್ತೇನೆ. ಪಶ್ಚಿಮ ಘಟ್ಟದ ಕುಮಾರ ಪರ್ವತದ್ದು ಅಂತಿಟ್ಟುಕೊಳ್ಳಿ. ನಡುನಡುವೆ ನಿಲ್ಲಿಸಿ ಕೇಳುತ್ತೇನೆ. ಹುಲ್ಲು ಇಷ್ಟು ಹಸಿರಾಗಿದೆಯಲ್ಲ, ಇದು ಯಾವ ತಿಂಗಳು? ನಾವು ಹೋಗುವ ಜನವರಿಯಲ್ಲಿ ಅದು ಒಣಗಲು ಶುರುವಾಗಿರುತ್ತದೆ. ನೆರಳು ಎಲ್ಲಿದೆ? ದಾರಿ ನಡುವಿನ ಗಿರಿಗದ್ದೆ ದಾಟಿದ ಮೇಲೆ ಬಹುಪಾಲು ಬಟ್ಟಬಯಲು, ನೆತ್ತಿ ಸುಡುವ ಬಿಸಿಲು. ನೀರಿನ ಬಾಟಲಿ ಯಾರ ಕೈಯಲ್ಲಿದೆ? ಕ್ಯಾಮೆರಾ ಹಿಡಿದವನು ಎಲ್ಲಿ ನಿಂತಿದ್ದಾನೆ, ಅವನ ಬೆನ್ನ ಹಿಂದೆ ಎಷ್ಟು ಜಾಗ ಉಳಿದಿದೆ? ಈ ಕೊನೆಯ ಪ್ರಶ್ನೆಗೆ ಎಲ್ಲರೂ ಮುಂದೆ ಬಗ್ಗಿ ನೋಡುತ್ತಾರೆ.

ಆಮೇಲೆ ಲೆಕ್ಕ. ಶಿಖರದ ಎತ್ತರ 1712 ಮೀಟರ್. ನಾವು ಹೊರಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ತಪ್ಪಲಿನಲ್ಲಿ. ಅಂದರೆ ಒಂದೂವರೆ ಸಾವಿರ ಮೀಟರಿಗಿಂತ ಜಾಸ್ತಿ ಏರಬೇಕು, ಅಷ್ಟೇ ಇಳಿಯಬೇಕು. ಇಳಿಯುವ ರೀಲ್ ಹಾಕುವವರು ಕಡಿಮೆ. ಮಂಡಿ ನಡುಗಲು ಶುರುವಾಗುವುದೇ ಅಲ್ಲಿ. ಹಾಗಾಗಿ ಆ ತಿಂಗಳು ಪೂರ್ತಿ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು ಎಲ್ಲರ ಮನೆಪಾಠ.

ಫೋನನ್ನು ನಾನು ಕಿತ್ತುಕೊಳ್ಳುವುದಿಲ್ಲ. ನಡೆಯುವಾಗ ಅದು ಏರೋಪ್ಲೇನ್ ಮೋಡ್‌ನಲ್ಲಿ, ಬ್ಯಾಗಿನೊಳಗೆ. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕುತ್ತಲೇ ಬ್ಯಾಟರಿ ಖಾಲಿಯಾಗುತ್ತದೆ, ತುರ್ತಿಗೆ ಬೇಕಾದಾಗ ಇರುವುದಿಲ್ಲ. ದಾರಿಯಲ್ಲಿ ನಿಲ್ಲುವ ಜಾಗಗಳಾದ ಭಟ್ಟರ ಮನೆ, ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ತುದಿ: ಇಲ್ಲೆಲ್ಲ ಧಾರಾಳವಾಗಿ ಹೊರತೆಗೆಯಬಹುದು. ಫೋನ್ ಕೈಯಲ್ಲಿರುವಾಗ ಹೆಜ್ಜೆ ಇಡುವ ಹಾಗಿಲ್ಲ, ಹಿಂದಕ್ಕಂತೂ ಇಲ್ಲವೇ ಇಲ್ಲ.

ಶೇಷ ಪರ್ವತದ ಮೇಲೆ ಗಾಳಿ ಜೋರು. ಅಂಚಿನಲ್ಲಿ ಫೋಟೋ ಬೇಕೆಂದು ಹಟ ಮಾಡುವವರಿಗೆ ನಾನೇ ಒಂದು ಉಪಾಯ ಹೇಳಿಕೊಟ್ಟಿದ್ದೇನೆ. ಅಂಚಿನಿಂದ ಹತ್ತಡಿ ಈಚೆ ಬಂಡೆಯ ಮೇಲೆ ಕೂತುಕೊಳ್ಳಿ. ತೆಗೆಯುವವರು ಇನ್ನೂ ಹಿಂದೆ ಸರಿದು, ಫೋನನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಹಿಡಿಯಲಿ. ನಡುವಿನ ನೆಲ ಮರೆಯಾಗಿ ಕಣಿವೆ ಕಾಲಬುಡದಲ್ಲೇ ಇರುವ ಹಾಗೆ ಬರುತ್ತದೆ. ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಅವರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಮಳೆಗಾಲದಲ್ಲಿ ಜಲಪಾತಗಳ ಹತ್ತಿರ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ, ಗೆಳೆಯ ವಿಡಿಯೋ ಮಾಡುತ್ತಿರುವಾಗಲೇ ಜಾರಿ ಬಿದ್ದು ತೀರಿಕೊಂಡ. ಪಾಚಿ ಕಟ್ಟಿದ ಬಂಡೆಯ ಮೇಲೆ ಒಳ್ಳೆಯ ಶೂ ಕೂಡ ನಿಲ್ಲುವುದಿಲ್ಲ.

ಇನ್ನು ಜನಜಂಗುಳಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ಎಲ್ಲರೂ ನೋಡಿದ್ದೀರಿ. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ಈಗ ಆನ್‌ಲೈನ್‌ನಲ್ಲೇ ಟಿಕೆಟ್, ದಿನಕ್ಕೆ ಇಷ್ಟೇ ಜನ ಅಂತ ಮಿತಿ. ಟಿಕೆಟ್ ಸಿಗದೆ ನಮ್ಮ ಗುಂಪು ದಿನ ಬದಲಿಸಿದ್ದುಂಟು. ಆದರೂ ಈ ಮಿತಿ ಬೇಕಿತ್ತು. ಆ ಹುಲ್ಲುಗಾವಲು, ಬೆಟ್ಟದ ಸಂದಿಗಳಲ್ಲಿ ಬೆಳೆಯುವ ಆ ಶೋಲಾ ಕಾಡು ಅಷ್ಟು ಜನರ ತುಳಿತ ತಾಳುವುದಿಲ್ಲ.

ವಾಪಸ್ ಬಂದು ರೀಲ್ ಹಾಕುವವರಲ್ಲಿ ನಾನು ಕೇಳಿಕೊಳ್ಳುವುದಿಷ್ಟು: ಹೋದ ತಿಂಗಳು, ನಡೆದ ಗಂಟೆಗಳು, ಹೊತ್ತ ನೀರು, ಟಿಕೆಟ್ ಪಡೆದ ಬಗೆ, ಇವನ್ನು ಕೆಳಗೆ ಬರೆಯಿರಿ. ದಾರಿ ಬಿಟ್ಟು ಒಳಗಿರುವ ಹಳ್ಳಗಳಿಗೆ ಲೊಕೇಶನ್ ಹಾಕಬೇಡಿ. ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಅದನ್ನು ನೋಡಿ ಮುಂದಿನ ಸಲ ಬರುವವರು, ಎಷ್ಟು ಲೀಟರ್ ನೀರು ತರಬೇಕು ಅಂತ ಮೊದಲೇ ಕೇಳುತ್ತಾರೆ.