ಕಸೂತಿಗೆ ಹೊಸ ಚಿತ್ತಾರ ಹುಡುಕುವ ಬಗೆ

ನನ್ನ ಬಳಿ ಕಸೂತಿ ಕಲಿಯಲು ಬರುವ ಹುಡುಗಿಯರು ಮೊದಲ ತಿಂಗಳು ಕೇಳುವುದು, ಗಂಟು ಹಾಕದೆ ದಾರ ಹೇಗೆ ನಿಲ್ಲುತ್ತದೆ ಎಂದು. ಆರು ತಿಂಗಳಾದ ಮೇಲೆ ಪ್ರಶ್ನೆ ಬದಲಾಗುತ್ತದೆ: "ಮೌಶಿ, ಗೋಪುರ, ತೇರು, ಆನೆ ಅಂಬಾರಿ ಎಲ್ಲ ಆಯಿತು. ನಿಮಗೆ ಹೊಸದು ಎಲ್ಲಿಂದ ಹೊಳೆಯುತ್ತದೆ?" ಹೊಳೆಯುವುದಿಲ್ಲ ಮಾರಾಯ್ತಿ, ಹುಡುಕಬೇಕು ಎಂದರೆ ನಂಬುವುದಿಲ್ಲ. ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಧಾರವಾಡದಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಇಳಕಲ್ ಸೀರೆಗಳ ಮೇಲೆ ಸೂಜಿ ಆಡಿಸುತ್ತಿದ್ದೇನೆ. ಹುಡುಕುವ ಬಗೆಯನ್ನು ಇಲ್ಲಿ ಬರೆದಿಡುತ್ತೇನೆ, ಇನ್ನು ಮುಂದೆ ಯಾರೂ ಕೇಳದಿರಲಿ.

ಮೊದಲು ಮಾಡಬಾರದ್ದು. ಒಮ್ಮೆ ಅಂಗಡಿಯವರೊಬ್ಬರು "ಯಾರೂ ನೋಡಿರದ ನಮೂನೆ ಬೇಕು" ಎಂದು ಐದು ಸೀರೆ ಕೊಟ್ಟು ಹೋದರು. ಎರಡು ದಿನ ಮೊಬೈಲ್ ತಿಕ್ಕಿ ತಿಕ್ಕಿ ಒಂದು ಗುಲಾಬಿ ಬಳ್ಳಿಯ ಚಿತ್ರ ಆರಿಸಿದೆ. ಚಿತ್ರದಲ್ಲಿ ಎಷ್ಟು ಚೆಂದವಿತ್ತು! ಬಟ್ಟೆಗೆ ಇಳಿದಾಗ ಬಳ್ಳಿಯ ಬಳುಕು ಹೋಗಿ ಮಾಳಿಗೆ ಹತ್ತುವ ಮೆಟ್ಟಿಲಿನಂತೆ ಕಂಡಿತು, ಹೂವು ಹೂಕೋಸಿನಂತೆ. ಮೂರು ದಿನದ ಕೆಲಸವನ್ನು ಬಿಚ್ಚಿದೆ. ತಪ್ಪು ಗುಲಾಬಿಯದಲ್ಲ. ಬೇರೆ ಯಾರೋ ಬೇರೆ ಯಾವುದೋ ಕೆಲಸಕ್ಕೆಂದು ಮಾಡಿದ್ದನ್ನು ನಾನು ಎಳೆದು ತಂದಿದ್ದೆ.

ಕಸೂತಿಯ ಸೂಜಿಗೆ ಗೊತ್ತಿರುವ ದಾರಿ ಮೂರೇ: ಅಡ್ಡ, ಉದ್ದ, ಓರೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಎಳೆ ಎಣಿಸುತ್ತಲೇ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಒಮ್ಮೆ ಬಿಟ್ಟು ಬಿಟ್ಟು ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತೇವೆ. ಹಾಗಾಗಿ ಸೀರೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ಮುರ್ಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಗೋಪುರಕ್ಕೆ ಹೇಳಿ ಮಾಡಿಸಿದಂತಿದೆ. ನೇಯ್ಗೆ ಮತ್ತು ಮೆಂತೆ ಹೊಲಿಗೆಗಳು ಒಳಗನ್ನು ತುಂಬಲು. ಇಷ್ಟು ತಲೆಯಲ್ಲಿದ್ದರೆ ಕಣ್ಣು ತಾನಾಗಿಯೇ ಜರಡಿ ಹಿಡಿಯುತ್ತದೆ. ರಸ್ತೆಯಲ್ಲಿ ನೂರು ವಸ್ತು ಕಾಣುತ್ತವೆ, ಅವುಗಳಲ್ಲಿ ನಾಲ್ಕು ಮಾತ್ರ ಎಳೆಯ ಲೆಕ್ಕಕ್ಕೆ ಒಪ್ಪುತ್ತವೆ. ಆ ನಾಲ್ಕನ್ನು ಹುಡುಕುವುದೇ ನಮ್ಮ ಕೆಲಸ.

ಅದಕ್ಕೆ ಬೇಕಾದ ಸಾಮಾನು ಒಂದು ಚೌಕುಳಿ ನೋಟ್‌ಬುಕ್, ಮಕ್ಕಳು ಗಣಿತಕ್ಕೆ ಬಳಸುವಂಥದ್ದು. ಜೊತೆಗೆ ಪೆನ್ಸಿಲ್. ಇವು ಸದಾ ಚೀಲದಲ್ಲಿರಲಿ. ಕಂಡದ್ದನ್ನು ಅಲ್ಲೇ ನಿಂತು ಚೌಕಗಳ ಮೇಲೆ ಬರೆಯಬೇಕು. ಫೋಟೊ ತೆಗೆದು ಮನೆಗೆ ಬಂದು ನೋಡೋಣ ಎಂದರೆ ಆಗುವುದಿಲ್ಲ, ಏಕೆಂದರೆ ಫೋಟೊ ಎಲ್ಲವನ್ನೂ ತುಂಬಿಕೊಂಡು ಬರುತ್ತದೆ. ಬಿಡಬೇಕಾದದ್ದನ್ನು ಬಿಡುವುದು ಕೈಗೆ ಮಾತ್ರ ಗೊತ್ತು.

ಎಲ್ಲಿ ನೋಡಬೇಕು? ಹಿತ್ತಲಿನಿಂದ ಶುರು ಮಾಡಿ. ತುಳಸಿ ಕಟ್ಟೆ, ತೊಟ್ಟಿಲು, ಗಿಳಿ, ಶಂಖ, ಇವೆಲ್ಲ ನಮಗೆ ಈಗ "ಸಂಪ್ರದಾಯ". ಕಸೂತಿಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು. ಆದರೆ ತುಳಸಿ ಕಟ್ಟೆಯನ್ನು ಮೊದಲು ಸೆರಗಿಗೆ ತಂದವಳಿಗೆ ಅದು ಬೆಳಿಗ್ಗೆ ನೀರು ಹಾಕಿ ಬಂದ ಕಟ್ಟೆ, ಅಷ್ಟೆ. ಅವಳು ಕಂಡ ಕಟ್ಟೆಯನ್ನೇ ನಾವೂ ಮತ್ತೆ ಮತ್ತೆ ಹಾಕುತ್ತಿದ್ದೇವೆ, ನಮ್ಮ ಮನೆಯ ಮುಂದೆ ಈಗ ಏನಿದೆ ಎಂದು ನೋಡುವುದಿಲ್ಲ. ನನಗೆ ಜೋಳದ ತೆನೆ ಸಿಕ್ಕಿದ್ದು ಅಕ್ಕನ ಹೊಲದಲ್ಲಿ, ಕಿಟಕಿಯ ಸರಳಿನ ಅಂಚು ಸಿಕ್ಕಿದ್ದು ಎದುರು ಮನೆಯವರಲ್ಲಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಮಣ್ಣಿನ ಎತ್ತುಗಳನ್ನೂ ಗಮನಿಸಿ. ಮಕ್ಕಳ ಕೈಯಲ್ಲಿ ಮೂಡಿದ ಎತ್ತಿಗೆ ನಾಲ್ಕು ಕಾಲು, ಒಂದು ಡುಬ್ಬ, ಎರಡು ಕೊಂಬು ಬಿಟ್ಟರೆ ಬೇರೇನೂ ಇರುವುದಿಲ್ಲ. ಅರ್ಧ ಕಸೂತಿ ಅಲ್ಲೇ ಆಗಿರುತ್ತದೆ.

ಹಿತ್ತಲು ಮುಗಿದ ಮೇಲೆ ಗುಡಿಗಳಿಗೆ ಹೋಗಿ. ಗದಗಿನಿಂದ ಲಕ್ಕುಂಡಿ ಹತ್ತಿರ, ಅಲ್ಲಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಪಟ್ಟಿಕೆಗಳಲ್ಲೇ ಒಂದು ದಿನ ಕಳೆಯಬಹುದು. ಆದರೆ ನಾನು ಸೋತು ಗೆದ್ದ ಕಥೆ ಡಂಬಳದ್ದು. ಅಲ್ಲಿಯ ದೊಡ್ಡಬಸಪ್ಪ ದೇವಾಲಯ 12ನೆಯ ಶತಮಾನದ್ದು, ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಸುತ್ತು ಹಾಕಿದಾಗ ಗೋಡೆ ಒಂದು ಮೂಲೆ ಮುಗಿಸುವ ಮೊದಲೇ ಇನ್ನೊಂದನ್ನು ಚಾಚುತ್ತದೆ. ಕುಪ್ಪಸದ ಬೆನ್ನಿಗೆ ಈ ನಕ್ಷತ್ರ ಬೇಕೇ ಬೇಕು ಎನ್ನಿಸಿತು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಬರೆಯಲು ಹೋದರೆ ಕೂಡಲಿಲ್ಲ. ಮನೆಗೆ ಬಂದು ಎರಡು ರಾತ್ರಿ ಒದ್ದಾಡಿದೆ, ಆಗಲೂ ಕೂಡಲಿಲ್ಲ.

ಆಮೇಲೆ ರಟ್ಟಿನ ಚೌಕವೊಂದನ್ನು ಕತ್ತರಿಸಿ, ನಡುವೆ ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಿದೆ. ಪ್ರತಿ ಸಲ 15 ಡಿಗ್ರಿ ತಿರುಗಿಸಿ ಅಚ್ಚು ಬರೆದರೆ ಆರು ಚೌಕ, 24 ಮೂಲೆ. ಈ ಆರರಲ್ಲಿ ನಮ್ಮ ಸೂಜಿಗೆ ಬರುವುದು ಎರಡೇ ಚೌಕ: ನೇರ ನಿಂತದ್ದು, ಪೂರಾ ಓರೆಯಾದದ್ದು. ಉಳಿದ ನಾಲ್ಕರ ಗೆರೆಗಳು ಎಳೆಗಳ ನಡುವೆ ಎಲ್ಲೋ ಬೀಳುತ್ತವೆ. ಸರಿ, ಎರಡನ್ನೇ ಇಟ್ಟುಕೊಂಡೆ.

ನೀವೂ ಬರೆದು ನೋಡಿ. ನಡುವೆ ಒಂದು ಚುಕ್ಕೆ ಇಡಿ. ಅಲ್ಲಿಂದ ನಾಲ್ಕೂ ಕಡೆ ನಾಲ್ಕು ನಾಲ್ಕು ಮನೆ (ನೋಟ್‌ಬುಕ್ಕಿನ ಪುಟ್ಟ ಚೌಕ) ಬಿಟ್ಟು ನೇರ ಚೌಕ ಬರೆಯಿರಿ. ಅದೇ ಚುಕ್ಕೆಯಿಂದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಆರಾರು ಮನೆ ಎಣಿಸಿ, ಆ ನಾಲ್ಕು ಬಿಂದುಗಳನ್ನು ಓರೆ ಗೆರೆಯಿಂದ ಸೇರಿಸಿ. ಎರಡೂ ಚೌಕ ಒಂದನ್ನೊಂದು ಕತ್ತರಿಸುವುದು ನೇರ ಚೌಕದ ಮೂಲೆಯಿಂದ ಸರಿಯಾಗಿ ಎರಡನೇ ಮನೆಯಲ್ಲಿ. ಒಳಗಿನ ಗೆರೆ ಅಳಿಸಿದರೆ ಎಂಟು ಮೂಲೆಯ ನಕ್ಷತ್ರ ಉಳಿಯುತ್ತದೆ. ಮನೆಗೊಂದರಂತೆ ಪ್ರತಿ ಮೂಲೆಗೆ ಈ ಕಡೆ ಎರಡು, ಆ ಕಡೆ ಎರಡು ಹೊಲಿಗೆ, ಒಟ್ಟು 32. ಗವಂತಿಯಲ್ಲಿ ಮೊದಲ ಸುತ್ತಿಗೆ ಹದಿನಾರು, ಎರಡನೆಯ ಸುತ್ತಿಗೆ ಹದಿನಾರು, ಸೂಜಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಓರೆ ಮೂಲೆಗಳು ನೇರ ಮೂಲೆಗಳಿಗಿಂತ ಕೂದಲೆಳೆಯಷ್ಟು ಹೊರಗೆ ಚಾಚಿರುತ್ತವೆ. ತೊಟ್ಟವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ನಾನು ಒಂದು ಮನೆಗೆ ನಾಲ್ಕು ಎಳೆ ಹಿಡಿಯುತ್ತೇನೆ. ಎಳೆ ಎಣಿಸಲು ಬಾರದ ನುಣುಪು ಬಟ್ಟೆಯಾದರೆ ಮೇಲೆ ಎಳೆ ಎಣಿಸಬಹುದಾದ ಮಟ್ಟಿ ಬಟ್ಟೆ ಹೊಲಿದುಕೊಂಡು, ಕೆಲಸ ಮುಗಿದ ಮೇಲೆ ಅದರ ಎಳೆಗಳನ್ನು ಎಳೆದು ತೆಗೆಯಿರಿ.

ಡಂಬಳಕ್ಕೆ ಹೋಗಿ ಬಂದವರೊಬ್ಬರು ನನ್ನ ಕುಪ್ಪಸ ನೋಡಿ "ದೊಡ್ಡಬಸಪ್ಪನ ಗುಡಿಯಲ್ಲವೇ ಇದು?" ಎಂದರು. ಮೂರರಲ್ಲಿ ಎರಡು ಪಾಲು ಮೂಲೆಗಳನ್ನು ಕಳೆದರೂ ಗುಡಿ ಗುರುತು ಸಿಕ್ಕಿತಲ್ಲ!

ಇನ್ನೊಂದು ಮಾತು. ಸಿಕ್ಕಿದ ಚಿತ್ತಾರವನ್ನೆಲ್ಲ ಒಡನೆಯೇ ಸೀರೆಗೆ ಇಳಿಸಬೇಡಿ. ನೋಟ್‌ಬುಕ್ಕಿನಲ್ಲಿ ಬಿಟ್ಟು, ತಿಂಗಳ ನಂತರ ತೆರೆದು ನೋಡಿ. ಇದು ಏನೆಂದು ನಿಮಗೇ ತಿಳಿಯದಿದ್ದರೆ ಹೊಡೆದು ಹಾಕಿ. ನನ್ನದರಲ್ಲಿ ಹತ್ತಕ್ಕೆ ಏಳು ಹಾಗೆಯೇ ಹೋಗುತ್ತವೆ. ಕೆಲವು ವರ್ಷಗಟ್ಟಲೆ ಕೂರುತ್ತವೆ. ನಾಗರ ಪಂಚಮಿಯ ಜೋಕಾಲಿ ನಾಲ್ಕು ವರ್ಷದಿಂದ ಕುಳಿತಿದೆ. ನಡುವೆ ಬಂದಾಗ ಹಗ್ಗ ನೆಟ್ಟಗೆ, ಜೋರಾಗಿ ಜೀಕಿ ತುದಿಗೆ ಹೋದಾಗ ಪೂರಾ ಓರೆ, ಆ ಎರಡು ಗಳಿಗೆ ನನ್ನ ಸೂಜಿಗೆ ಸಿಕ್ಕುತ್ತವೆ. ಸಿಗದೇ ಇರುವುದು ಜೀಕುವ ಹುಡುಗಿಯ ಮಡಚಿದ ಮೊಣಕಾಲು. ಐದು ಸಲ ಬರೆದು ಅಳಿಸಿದ್ದೇನೆ. ಈ ಶ್ರಾವಣಕ್ಕೆ ಅಕ್ಕನ ಊರಿಗೆ ಹೋಗಿ, ಬೇವಿನ ಮರದ ಕೆಳಗೆ ನೋಟ್‌ಬುಕ್ ಹಿಡಿದು ಮತ್ತೆ ಕೂರುತ್ತೇನೆ.