ಹರಕೆ ಶಾಸನವನ್ನು ಕೊನೆಯ ಸಾಲಿನಿಂದ ಓದಿ

ಪುರಾತನ ಹರಕೆ ಶಾಸನಗಳನ್ನು ಓದಲು ಹೊರಟವರಿಗೆ ಒಂದು ಅನುಕೂಲವಿದೆ: ಅವು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಯಾವ ದೇವರಿಗೆ, ಯಾರು, ಯಾಕೆ, ಏನು ಒಪ್ಪಿಸಿದರು, ಅಷ್ಟೇ. ರೋಮನ್ ಕಲ್ಲಿನ ತುದಿಯಲ್ಲಿ ಸಾಮಾನ್ಯವಾಗಿ ವಿ, ಎಸ್, ಎಲ್, ಎಂ ಎಂಬ ನಾಲ್ಕು ಅಕ್ಷರಗಳಿರುತ್ತವೆ. 'ವೋಟುಂ ಸೊಲ್ವಿತ್ ಲಿಬೆನ್ಸ್ ಮೆರಿತೊ', ಅಂದರೆ 'ಹೊತ್ತ ಹರಕೆಯನ್ನು ಮನಸಾರೆ, ಸಲ್ಲಬೇಕಾದ ಹಾಗೆ ತೀರಿಸಿದನು'. ಗ್ರೀಕಿನಲ್ಲಿ ಆ ಜಾಗಕ್ಕೆ 'ಅನೆಥೆಕೆ' (ಒಪ್ಪಿಸಿದರು) ಬರುತ್ತದೆ, ಸಾಂಚಿಯ ಬ್ರಾಹ್ಮಿಯಲ್ಲಿ 'ದಾನಂ'. ಸಾಂಚಿಯ ಕಿರುಬರಹಗಳು ಒಂದರ ಹಿಂದೊಂದು ಅವೇ ಎರಡು ಅಕ್ಷರಗಳಲ್ಲಿ ಮುಗಿಯುವುದನ್ನು ಕಂಡ, ಆ ಲಿಪಿಯನ್ನು ಬಿಡಿಸಲು ಹೊರಟಿದ್ದ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್, ಅದು 'ದಾನಂ' ಇರಬೇಕೆಂದು 1837ರಲ್ಲಿ ಊಹಿಸಿದ. ಬ್ರಾಹ್ಮಿಯ ಗಂಟು ಸಡಿಲಾದದ್ದು ಆ ಎಳೆಯಿಂದ.

ಆದ್ದರಿಂದ ಮೊದಲು ಕೊನೆಯ ಸಾಲು ನೋಡಿ. ಸಿದ್ಧವಾಕ್ಯ ಸಿಕ್ಕರೆ ಎಷ್ಟು ಭಾಗ ರೂಢಿಯದು, ಎಷ್ಟು ಆ ಮನುಷ್ಯನದೇ ಎಂದು ಬೇರ್ಪಡಿಸಬಹುದು. ಸಮಾಜದ ಸುದ್ದಿ ಇರುವುದು ಆ ಎರಡನೆಯ ಭಾಗದಲ್ಲಿ. ಹೊಸಬರು ಪದೇ ಪದೇ ಎಡವುವ ಕಡೆ ಇದು: ಕಲ್ಲಿನ ನೆತ್ತಿಯಲ್ಲಿ ಡಿ, ಎಂ ಎಂಬ ಎರಡೇ ಅಕ್ಷರ ಬಿಡಿಯಾಗಿದ್ದರೆ ಅದು ಬಹುಮಟ್ಟಿಗೆ ಗೋರಿಕಲ್ಲು, ಹರಕೆಯದಲ್ಲ. 'ದೀಸ್ ಮಾನಿಬುಸ್' ಎಂದರೆ ತೀರಿಕೊಂಡವರ ಆತ್ಮಗಳಿಗೆ.

ಓದುವುದಕ್ಕೆ ಬೇಕಾದದ್ದು ಬೆಳಕು. ಕಲ್ಲಿನ ಮೇಲೆ ಕಪ್ಪು ಬಟ್ಟೆಯ ನೆರಳು ಮಾಡಿ, ಟಾರ್ಚನ್ನು ಮೇಲ್ಮೈಗೆ 10ರಿಂದ 15 ಡಿಗ್ರಿ ಓರೆಯಲ್ಲಿ ಹಿಡಿಯಿರಿ. ಕ್ಯಾಮೆರಾ ಸ್ಟ್ಯಾಂಡಿನಲ್ಲಿ ಅಲುಗದಿರಲಿ. ಟಾರ್ಚ್ ಮಾತ್ರ ಸುತ್ತಲಿ. ಕನಿಷ್ಠ ನಾಲ್ಕು ದಿಕ್ಕು, ಎಂಟಾದರೆ ಒಳ್ಳೆಯದು. ಒಂದೇ ದಿಕ್ಕಿನ ಬೆಳಕು ಸಾಲದು, ಏಕೆಂದರೆ ಬೆಳಕು ಹರಿಯುವ ದಿಕ್ಕಿಗೇ ಕೊರೆದ ಗೀರು ನೆರಳು ಬೀಳಿಸದೆ ಮಾಯವಾಗುತ್ತದೆ. ಬದಿಯಿಂದ ಬೆಳಕು ಬಿಟ್ಟಾಗ ಲ್ಯಾಟಿನ್ 'ಇ'ಯ ಅಡ್ಡಗೆರೆಗಳು ಮಸುಕಾಗಿ ಅದು 'ಐ' ಅಕ್ಷರದಂತೆ ಕಾಣುವುದು ಹೀಗೆ. ಕೆಳಗಿನ ಅಡ್ಡಗೆರೆಯಷ್ಟೇ ಸವೆದಿದ್ದರೆ ಅದೇ 'ಇ' 'ಎಫ್' ಆಗುತ್ತದೆ. ಉಳಿ ಗೀರಿನ ಅಂಚು ಸಮವಾಗಿರುತ್ತದೆ, ಬಿರುಕು ಅಂಕುಡೊಂಕಾಗಿ ಅಕ್ಷರದಾಚೆಗೂ ಓಡುತ್ತದೆ.

ಸೀಮೆಸುಣ್ಣ, ಹಿಟ್ಟು, ಬಣ್ಣ ತುಂಬಬೇಡಿ. ಕಲ್ಲಿಗೆ ಹಾನಿ ಒಂದು ಕಡೆ. ತುಂಬಿದವರು ತಮ್ಮ ಊಹೆಯನ್ನೇ ಅಕ್ಷರ ಮಾಡಿಬಿಡುತ್ತಾರೆ ಎಂಬುದು ಇನ್ನೊಂದು. ಹಿಂದೆ ಯಾರೋ ಕೆಂಪು ಬಣ್ಣ ತುಂಬಿದ್ದರೆ ಅದನ್ನು ನಂಬದೆ ಗೀರನ್ನೇ ನೋಡಿ. ಒದ್ದೆ ಕಾಗದವನ್ನು ಬ್ರಷ್ಷಿನಿಂದ ತಟ್ಟಿ ಪಡಿಯಚ್ಚು ತೆಗೆಯುವುದು ಹಳೆಯ, ಒಳ್ಳೆಯ ವಿಧಾನ. ಆದರೆ ಅನುಮತಿ ಬೇಕು, ಪದರ ಏಳುತ್ತಿರುವ ಕಲ್ಲಿಗಂತೂ ಕೂಡದು. ಎತ್ತರ, ಅಗಲ, ದಪ್ಪವನ್ನೂ ಪ್ರತಿ ಸಾಲಿನ ಅಕ್ಷರದ ಎತ್ತರವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಬದಿಗಳು, ಹಿಂಬದಿ, ನೆತ್ತಿಯ ಗುಳಿ ಯಾವುದನ್ನೂ ಬಿಡಬೇಡಿ. ಕಲ್ಲು ಆಮೇಲೆ ಎಂದಾದರೂ ಬೇರೆ ಕಟ್ಟಡದ ಗೋಡೆಗೆ ಸೇರಿತ್ತೇ ಎಂಬುದು ತಿಳಿಯುವುದು ಅಲ್ಲಿ. ಸೇರಿತ್ತೆಂದಾದರೆ ಅದು ಸಿಕ್ಕ ಜಾಗ ಗುಡಿಯ ಜಾಗವೆಂದು ಹೇಳಲಾಗದು.

ಪಾಠ ಬರೆಯಲು 1931ರ ಲೈಡನ್ ಪದ್ಧತಿ ಬಳಕೆಯಲ್ಲಿದೆ. ಒಡೆದುಹೋದದ್ದನ್ನು ನೀವು ತುಂಬಿದರೆ ಚೌಕ ಆವರಣ, ಸಂಕ್ಷೇಪವನ್ನು ಬಿಡಿಸಿದರೆ ದುಂಡು ಆವರಣ, ಅನುಮಾನದ ಅಕ್ಷರದ ಕೆಳಗೆ ಚುಕ್ಕಿ. ಬೇಕೆಂದೇ ಕೆತ್ತಿ ಅಳಿಸಿದ್ದಕ್ಕೆ ಜೋಡಿ ಚೌಕ ಆವರಣ. ಕ್ರಿ.ಶ. 211ರಲ್ಲಿ ಕೊಲೆಯಾದ ರೋಮನ್ ಚಕ್ರವರ್ತಿ ಗೇಟಾನ ಹೆಸರನ್ನು ಸಾಮ್ರಾಜ್ಯದ ಉದ್ದಕ್ಕೂ ಹೀಗೆ ಅಳಿಸಿದರು. ಅಳಿಸಿದ ಗುರುತೇ ಕಾಲ ಹೇಳುತ್ತದೆ.

ಇನ್ನು ಅರ್ಥಕ್ಕೆ ಬನ್ನಿ. ನೆದರ್‌ಲೆಂಡ್ಸಿನ ಕರಾವಳಿಯಲ್ಲಿ ನೆಹಲೆನ್ನಿಯಾ ದೇವಿಯ ಹರಕೆಗಲ್ಲುಗಳು ಸಿಕ್ಕಿವೆ, ಮೊದಲು ಡೊಂಬರ್ಗ್‌ನಲ್ಲಿ, 1970ರಿಂದ ಕೊಲೈನ್ಸ್‌ಪ್ಲಾಟ್ ಬಳಿಯ ನೀರಿನಡಿ. ಒಂದನ್ನು ಬಿಡಿಸಿದರೆ ಹೀಗೆ: ನೆಹಲೆನ್ನಿಯಾ ದೇವಿಗೆ, ಸರಕು ಸುರಕ್ಷಿತವಾಗಿ ಉಳಿದದ್ದಕ್ಕಾಗಿ, ಬ್ರಿಟನ್ನಿನೊಡನೆ ಮಡಿಕೆ ವ್ಯಾಪಾರ ಮಾಡುವ ಮಾರ್ಕುಸ್ ಸೆಕುಂಡಿನಿಯುಸ್ ಸಿಲ್ವಾನುಸ್, ಮತ್ತೆ ಆ ನಾಲ್ಕು ಅಕ್ಷರ. ರೂಢಿಯದನ್ನು ತೆಗೆದಿಟ್ಟರೆ ಉಳಿಯುವುದು ಮೂರು: ಹೆಸರು, ಕಸುಬು, ಕಾರಣ. ಅವನು ಬೇಡಿದ್ದು ತನ್ನ ಪ್ರಾಣವನ್ನಲ್ಲ, ಸರಕನ್ನು. ಇಲ್ಲವೇ ಹಾಗೆ ಬರೆಸುವುದೇ ವ್ಯಾಪಾರಿಗಳ ವಾಡಿಕೆ. ಯಾವುದೆಂದು ತಿಳಿಯಲು ಅದೇ ಸ್ಥಳದ ಬೇರೆ ಕಲ್ಲುಗಳನ್ನು ಪಕ್ಕಕ್ಕಿಡಬೇಕು. ಒಂಟಿ ಶಾಸನದಿಂದ ಸಮಾಜ ಕಟ್ಟಬಾರದು.

ಹೆಸರೇ ಒಂದು ದಾಖಲೆ. ಮೂರು ಭಾಗದ ಹೆಸರಿದ್ದರೆ ಸಾಮಾನ್ಯವಾಗಿ ರೋಮನ್ ಪೌರ. ಒಂದೇ ಹೆಸರು, ಜೊತೆಗೆ 'ಇಂಥವನ ಮಗ' ಎಂದಿದ್ದರೆ ಪೌರತ್ವ ಇಲ್ಲದ ಸ್ಥಳೀಯ. 'ಲಿಬೆರ್ತುಸ್' ಎಂದರೆ ಬಿಡುಗಡೆಯಾದ ಗುಲಾಮ. ಅಥೆನ್ಸಿನ ಅಕ್ರೊಪೊಲಿಸ್‌ನಲ್ಲಿ ಸ್ಮಿಕೂಥೆ ಎಂಬ ಬಟ್ಟೆ ಒಗೆಯುವವಳು ಹತ್ತರಲ್ಲೊಂದು ಪಾಲು ಒಪ್ಪಿಸಿದ ಬರಹವಿದೆ. ಕಸುಬನ್ನು ಮುಚ್ಚಿಡದೆ ಬರೆಸಿದಳು, ಒಪ್ಪಿಸಲು ಒಂದು ಪಾಲೂ ಅವಳ ಕೈಯಲ್ಲಿತ್ತು. ಎರಡು ಪದಗಳಲ್ಲಿ ಇಷ್ಟು ಸುದ್ದಿ.

ಲೆಕ್ಕ ಹಾಕುವಾಗ ಎಚ್ಚರ. ಸಮುದ್ರದಲ್ಲಿ ಸರಕು ಕಳೆದುಕೊಂಡವನು 'ತೀರಿಸಿದೆ' ಎಂದು ಕಲ್ಲು ನಿಲ್ಲಿಸಲಿಲ್ಲ. ಮರ, ಮೇಣ, ಬಟ್ಟೆಯ ಕಾಣಿಕೆಗಳು ಬಹುಪಾಲು ಮಣ್ಣಾದವು. ಹೀಗಾಗಿ ಒಂದು ಶತಮಾನದಲ್ಲಿ ಕಲ್ಲು ಕಡಿಮೆ ಸಿಕ್ಕರೆ ಭಕ್ತಿ ಕಡಿಮೆಯಾಯಿತು ಎನ್ನಲಾಗದು. ಕಲ್ಲಿನ ಮೇಲೆ ಬರೆಸುವ ರೂಢಿ ಇಳಿದಿರಬಹುದು.

ಒಬ್ಬನೇ ಮನುಷ್ಯ ಎರಡು ಕಡೆ ಕಂಡಂತಾದಾಗ ಇನ್ನೂ ಎಚ್ಚರ ಬೇಕು. ಕೊಲೈನ್ಸ್‌ಪ್ಲಾಟ್‌ನ ಒಂದು ಕಲ್ಲಿನಲ್ಲಿ 'ವಿಡುಕುಸನ ಮಗ ಪ್ಲಾಸಿಡುಸ್' ಇದ್ದಾನೆ, ಬ್ರಿಟನ್ನಿನೊಡನೆ ವ್ಯವಹರಿಸುವ ವ್ಯಾಪಾರಿ. ಇಂಗ್ಲೆಂಡಿನ ಯಾರ್ಕ್‌ನಲ್ಲಿ 221ರ ಒಂದು ಶಾಸನ ಕಮಾನು, ಬಾಗಿಲು ಕಟ್ಟಿಸಿಕೊಟ್ಟ ಲೂಸಿಯುಸ್ ವಿಡುಸಿಯುಸ್ ಪ್ಲಾಸಿಡುಸನದು. ಒಬ್ಬನೇ ಎಂದಾದರೆ, ತಂದೆಯ ಹೆಸರು ಮನೆತನದ ಹೆಸರಾಗಿ, ಸ್ಥಳೀಯನೊಬ್ಬ ಪೌರನಾದದ್ದು ಕಣ್ಣೆದುರಿಗೇ ಕಾಣುತ್ತದೆ. 212ರಲ್ಲಿ ಸಾಮ್ರಾಜ್ಯದ ಸ್ವತಂತ್ರ ಜನರಿಗೆಲ್ಲ ಪೌರತ್ವ ಸಿಕ್ಕಿತ್ತು ಕೂಡ. ಆದರೆ ಯಾರ್ಕ್‌ನ ಕಲ್ಲು ಒಡೆದಿದೆ. 'ಪ್ಲಾಸಿಡುಸ್'ನ ಮೊದಲ ಅಕ್ಷರಗಳು ಅಲ್ಲಿ ಚೌಕ ಆವರಣದೊಳಗಿವೆ.