ಸ್ಪೀಡ್ ಏರದಿದ್ದರೂ ಪೆಟ್ರೋಲ್ ಯಾಕೆ? ಅಳೆದು ನೋಡುವ ಬಗೆ

ಆಷಾಢದ ಒಂದು ಬೆಳಗ್ಗೆ ಹುಬ್ಬಳ್ಳಿಯಿಂದ ಗದಗಿಗೆ ಹೊರಟಿದ್ದೆವು. ಪಕ್ಕದಲ್ಲಿ ಪಿಯುಸಿ ಓದುವ ಅಣ್ಣನ ಮಗ. ಸ್ಪೀಡೋಮೀಟರಿನ ಮುಳ್ಳು 60ರ ಮೇಲೆ ಅಲುಗದೆ ನಿಂತಿತ್ತು.

"ಕಾಕಾ, ಸ್ಪೀಡ್ ಏನೂ ಏರವಲ್ದು. ಮತ್ತ ಆಕ್ಸಿಲರೇಟರ್ ಯಾಕ ಒತ್ತೀರಿ? ಓಡೂ ಗಾಡಿ ತಾನ ಓಡ್ತೈತಿ ಅಂತ ನ್ಯೂಟನ್ ಹೇಳ್ಯಾನಲ್ಲ?"

ಹೇಳಿದ್ದಾನೆ, 1687ರಲ್ಲೇ. ಆದರೆ ಯಾವುದೂ ತಡೆಯದಿದ್ದರೆ ಮಾತ್ರ ಅಂದಿದ್ದಾನೆ. ಕಾರನ್ನು ಎದುರಿನ ಗಾಳಿ, ಕೆಳಗಿನ ಟೈರು, ಒಳಗಿನ ಗೇರು-ಬೇರಿಂಗು ಎಲ್ಲ ಸೇರಿ ಹಿಂದಕ್ಕೆ ಜಗ್ಗುತ್ತವೆ. ಅವು ಜಗ್ಗಿದಷ್ಟೇ ಎಂಜಿನ್ ಮುಂದಕ್ಕೆ ನೂಕಿದರೆ ಮುಳ್ಳು ಇದ್ದಲ್ಲೇ ಇರುತ್ತದೆ. ಎತ್ತು ನಿಂತ ಮೇಲೆ ಚಕ್ಕಡಿ ಎಷ್ಟು ದೂರ ಹೋದೀತು?

ಎಷ್ಟು ಜಗ್ಗುತ್ತವೆ ಅಂತ ನೀವೇ ಅಳೆಯಬಹುದು. ಸಪಾಟಾದ, ನೇರವಾದ, ಹಿಂದೆ-ಮುಂದೆ ಗಾಡಿ ಇಲ್ಲದ ರಸ್ತೆ ಬೇಕು. ಎರಿ ಹೊಲಗಳ ನಡುವಿನ ರಸ್ತೆಗಳಲ್ಲಿ ನಸುಕಿಗೆ ಹೋದರೆ ಸಿಗುತ್ತದೆ. ಮೊದಲು 65ಕ್ಕೆ ಹೋಗಿ, ಆಮೇಲೆ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಬ್ರೇಕು, ಸ್ಟೇರಿಂಗ್ ಎರಡೂ ಬಿಗಿಯಾಗುತ್ತವೆ. ಮುಳ್ಳು 60ರಿಂದ 50ಕ್ಕೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಅಂತ ಪಕ್ಕದವರು ಮೊಬೈಲಿನಲ್ಲಿ ನೋಡಲಿ, ನೀವಲ್ಲ. ತಿರುಗಿ ಬರುವಾಗ ಅದೇ ಜಾಗದಲ್ಲಿ ಇನ್ನೊಮ್ಮೆ.

ನಮಗೆ ಹೋಗುವಾಗ 16 ಸೆಕೆಂಡು, ಬರುವಾಗ 12. ಸರಾಸರಿ 14. ಗಂಟೆಗೆ 10 ಕಿ.ಮೀ. ಅಂದರೆ ಸೆಕೆಂಡಿಗೆ 2.8 ಮೀಟರ್. ಅದನ್ನು 14ರಿಂದ ಭಾಗಿಸಿದರೆ 0.2, ಅಂದರೆ ಪ್ರತಿ ಸೆಕೆಂಡಿಗೆ ವೇಗ ಇಳಿದದ್ದು ಅಷ್ಟು. ಇಬ್ಬರು ಕೂತ ಕಾರಿನ ತೂಕ ಸುಮಾರು 1,100 ಕೆಜಿ. ಎರಡನ್ನೂ ಗುಣಿಸಿದರೆ ಹಿಂದಕ್ಕೆ ಜಗ್ಗುವ ಬಲ 220 ನ್ಯೂಟನ್. ಸುಮ್ನೆ ಹೇಳುವುದಾದರೆ, 22 ಕೆಜಿಯ ಚೀಲ ಎತ್ತಿ ಹಿಡಿಯುವಷ್ಟು ಬಲ. 55ರ ವೇಗದಲ್ಲಿ ಇದಕ್ಕೆ ಬೇಕಾಗುವುದು ನಾಲ್ಕೂವರೆ ಅಶ್ವಶಕ್ತಿ, ಅಷ್ಟೇ! 80 ಅಶ್ವಶಕ್ತಿಯ ಎಂಜಿನ್ ಇರುವುದು ಏರು ಹತ್ತಲು, ಲಾರಿ ಹಿಂದಿಕ್ಕಲು.

16 ಮತ್ತು 12 ಯಾಕೆ ಬೇರೆ? ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಗದಗಿನ ಕಡೆ ಹೋಗುವಾಗ ಅದು ಬೆನ್ನಿಗೆ, ವಾಪಸ್ ಬರುವಾಗ ಎದೆಗೆ. ಗಾಳಿಯ ಲೆಕ್ಕವೇ ಜಾಸ್ತಿ ಕಾಡುವಂಥದ್ದು. ವೇಗ 50ರಿಂದ 100ಕ್ಕೆ ಏರಿದರೆ ಅದರ ತಡೆ ನಾಲ್ಕು ಪಟ್ಟು, ಆ ತಡೆ ನೀಗಲು ಬೇಕಾದ ಶಕ್ತಿ ಎಂಟು ಪಟ್ಟು. ನಿಧಾನ ಹೋಗುವಾಗ ಟೈರಿನದೇ ದೊಡ್ಡ ಪಾಲು.

ಟೈರು ತಡೆಯುವುದು ಹೇಗೆ ಅಂತ ಹುಡುಗನಿಗೆ ನಂಬಿಕೆ ಬರಲಿಲ್ಲ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಂತಾಗ ಕೈ ಇಟ್ಟು ನೋಡು ಅಂದೆ. ತುಂತುರು ಮಳೆ, ತಣ್ಣನೆ ಗಾಳಿ. ಟೈರು ಮಾತ್ರ ಬೆಚ್ಚಗಿತ್ತು. ನೆಲಕ್ಕೆ ತಾಗಿದ ಕಡೆ ರಬ್ಬರು ಪ್ರತಿ ಸುತ್ತಿಗೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಆ ಕೆಲಸದಲ್ಲಿ ಹೋದ ಪೆಟ್ರೋಲೇ ಈ ಬಿಸಿ. ಗಾಳಿ ಕಡಿಮೆ ತುಂಬಿದ ಟೈರು ಇನ್ನೂ ಜಾಸ್ತಿ ಚಪ್ಪಟೆಯಾಗುತ್ತದೆ, ಅಲ್ವಾ? ಹಿಂದಿನ ಎಡಗಡೆಯದು ಉಳಿದವಕ್ಕಿಂತ ಬಿಸಿ ಇತ್ತು. ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ನೋಡಿಸಿದರೆ ಗಾಳಿಯ ಒತ್ತಡ 32 ಇರಬೇಕಾದ ಕಡೆ 24!

ಮೇಲಿನ ಕ್ಯಾರಿಯರ್ ಖಾಲಿ ಇದ್ದರೂ ಗಾಳಿಗೆ ಅಡ್ಡವೇ. ನಮ್ಮದನ್ನು ಕಳಚಿ ಅಟ್ಟಕ್ಕೆ ಹಾಕಿದ್ದೇನೆ. ದೀಪಾವಳಿಗೆ ಊರಿಗೆ ಹೋಗುವಾಗ ಮತ್ತೆ ಇಳಿಸಬೇಕು.